ಇರಲಿ ಬಿಡು ಎಂಬ ಸರ್ವೀಸು

ಎರಡು ತಿಂಗಳ ಹಿಂದೆ ಆಫೀಸಿನಲ್ಲಿ ಒಂದು ಹಳೇ ಸರ್ವರನ್ನು ಹೊಸ ಯಂತ್ರಕ್ಕೆ ಸಾಗಿಸುವ ಕೆಲಸ ನನ್ನ ತಲೆಗೆ ಬಿತ್ತು. ಅದರೊಳಗೆ ಏನೇನು ಓಡ್ತಾ ಇದೆ ಅಂತ ಪಟ್ಟಿ ಮಾಡುತ್ತಾ ಕೂತಾಗ ಒಂದು ಸರ್ವೀಸು ಕಣ್ಣಿಗೆ ಬಿತ್ತು. ಹೆಸರು ನೋಡಿದರೆ ನಮ್ಮಲ್ಲೇ ಯಾರೋ ಬರೆದದ್ದು ಅನ್ನಿಸುತ್ತೆ. ಬರೆದವರು ಕೆಲಸ ಬಿಟ್ಟು ಎಷ್ಟೋ ವರ್ಷ ಆಗಿದೆ, ದಾಖಲೆ ಅಂತ ಒಂದು ಸಾಲೂ ಇಲ್ಲ. ಅಕ್ಕಪಕ್ಕದವರನ್ನೆಲ್ಲಾ ಕೇಳಿದೆ. ಒಬ್ಬರಿಗೂ ಗೊತ್ತಿಲ್ಲ. "ಹಾಗಾದ್ರೆ ನಿಲ್ಲಿಸಿ ಬಿಡ್ಲಾ?" ಅಂದೆ. ಅಷ್ಟು ಹೊತ್ತು ಸುಮ್ಮನಿದ್ದವರೆಲ್ಲಾ ಒಟ್ಟಿಗೇ ಬಾಯಿ ಬಿಟ್ಟರು: "ಯಾರಿಗಾದ್ರೂ ಬೇಕಿರಬಹುದು ಮಾರಾಯ, ಇರಲಿ ಬಿಡು."

ಈ "ಇರಲಿ ಬಿಡು" ಅನ್ನೋ ಮಾತಿಗೆ ದೊಡ್ಡ ಇತಿಹಾಸವೇ ಇದೆ. ನಾವು ಕಂಪ್ಯೂಟರ್ ಆನ್ ಮಾಡಿದಾಗ ತೆರೆಯ ಮೇಲೆ ಕಾಣಿಸೋದು ಒಂದೆರಡು ಕಿಟಕಿ, ಹಿಂದೆ ಓಡ್ತಾ ಇರೋದು ನೂರಾರು ಪ್ರೋಗ್ರಾಮು. ಅವುಗಳಲ್ಲಿ ನಾವು ಕೇಳಿ ಹಾಕಿಸಿಕೊಂಡದ್ದು ಎಷ್ಟು, ತಾವಾಗಿಯೇ ಬಂದು ಕೂತದ್ದು ಎಷ್ಟು? ಕೇಳದೇ ಬಂದು ಕೂತವುಗಳನ್ನು ಎಬ್ಬಿಸಿ ಕಳಿಸೋದಕ್ಕೆ ಜಗತ್ತಿಗೆ ಹೆಚ್ಚುಕಡಿಮೆ ಹದಿನೈದು ವರ್ಷ ಮತ್ತು ಐದಾರು ದೊಡ್ಡ ಪೆಟ್ಟು ಬೇಕಾಯಿತು. ಆ ಕಥೆ ಹೇಳೋಣ ಅಂತ ಈ ಬರಹ. ಸ್ವಲ್ಪ ಉದ್ದ ಇದೆ, ಕಾಫಿ ತಗೊಂಡು ಕೂತ್ಕೊಳ್ಳಿ.

ಮೊದಲಿಗೆ ಹೆಸರು. ಯುನಿಕ್ಸ್ ಪ್ರಪಂಚದಲ್ಲಿ ಹಿನ್ನೆಲೆಯಲ್ಲಿ ಓಡುವ ಇಂಥ ಪ್ರೋಗ್ರಾಮಿಗೆ ಡೀಮನ್ ಅಂತಾರೆ. ಈ ಹೆಸರು ಹುಟ್ಟಿದ್ದು ಯುನಿಕ್ಸ್‌ಗಿಂತಲೂ ಮುಂಚೆ, 1963ರ ಸುಮಾರಿಗೆ, ಎಂಐಟಿಯ ಪ್ರಾಜೆಕ್ಟ್ ಮ್ಯಾಕ್‌ನಲ್ಲಿ. ಅಲ್ಲಿನ ಐಬಿಎಂ 7094 ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ ಫರ್ನಾಂಡೋ ಕೊರ್ಬಾಟೋ ಅವರ ತಂಡ, ಭೌತಶಾಸ್ತ್ರದಲ್ಲಿ ಬರುವ ಮ್ಯಾಕ್ಸ್‌ವೆಲ್‌ನ ಡೀಮನ್‌ನಿಂದ ಹೆಸರನ್ನು ಎತ್ತಿಕೊಂಡಿತು. ಪಿಯುಸಿ ಫಿಸಿಕ್ಸ್ ನೆನಪಿದ್ದವರಿಗೆ ಗೊತ್ತಿರುತ್ತೆ: ಎರಡು ಡಬ್ಬಿಗಳ ನಡುವಿನ ಬಾಗಿಲಲ್ಲಿ ಕೂತು, ವೇಗದ ಅಣುಗಳನ್ನು ಒಂದು ಕಡೆ, ನಿಧಾನದ ಅಣುಗಳನ್ನು ಇನ್ನೊಂದು ಕಡೆ ಬಿಡುತ್ತಾ ದಣಿವಿಲ್ಲದೇ ಕೆಲಸ ಮಾಡುವ ಕಾಲ್ಪನಿಕ ಜೀವಿ. ಎಂಐಟಿಯ ಮೊದಲ ಡೀಮನ್ ಮಾಡುತ್ತಿದ್ದದ್ದು ಫೈಲುಗಳನ್ನು ತಾನಾಗಿಯೇ ಟೇಪಿಗೆ ನಕಲು ಮಾಡಿಡುವ ಕೆಲಸ. ಪಾಪದ್ದು.

ಈ ಹೆಸರು ನಮ್ಮ ದಕ್ಷಿಣ ಕನ್ನಡದವರಿಗೆ ಬೇಗ ಅರ್ಥವಾಗುತ್ತೆ. ಘಟ್ಟದ ಮೇಲಿನವರಿಗೆ ಭೂತ ಅಂದ್ರೆ ಹೆದರಿಸುವಂಥದ್ದು. ನಮ್ಮಲ್ಲಿ ಭೂತ ಅಂದ್ರೆ ಜಾಗ ಕಾಯುವ ದೈವ. ಕಣ್ಣಿಗೆ ಕಾಣದೇ ತೋಟದ ಗಡಿ ನೋಡಿಕೊಳ್ಳುತ್ತೆ, ವರ್ಷಕ್ಕೊಮ್ಮೆ ಕೋಲವೋ ತಂಬಿಲವೋ ಕೊಟ್ಟರೆ ಆಯಿತು. ಮರೆತರೆ ಕಾಟ ಶುರು. ಗ್ರೀಕರ ಮೂಲ ಪದಕ್ಕೂ ಇಂಥದ್ದೇ ಅರ್ಥ ಇತ್ತಂತೆ, ಒಳ್ಳೆಯದೂ ಅಲ್ಲ ಕೆಟ್ಟದೂ ಅಲ್ಲ, ಮನುಷ್ಯರಿಗೂ ದೇವರಿಗೂ ನಡುವಿನದ್ದು. ಸರ್ವೀಸುಗಳೂ ಹಾಗೇ. ಕಾಲಕಾಲಕ್ಕೆ ತೇಪೆ ಹಾಕಿ ನೋಡಿಕೊಂಡರೆ ಕಾಯುತ್ತವೆ. ತೊಂದರೆ ಏನಪ್ಪಾ ಅಂದ್ರೆ, ನಿಮ್ಮ ಜಾಗದಲ್ಲಿ ಭೂತ ಇದೆ ಅಂತಲೇ ನಿಮಗೆ ಗೊತ್ತಿಲ್ಲದಿದ್ದರೆ ತಂಬಿಲ ಕೊಡುವವರು ಯಾರು?

ಇರಲಿ, ವಿಷಯಕ್ಕೆ ಬರೋಣ. 1980ರ ದಶಕದ ಹೊತ್ತಿಗೆ ಯುನಿಕ್ಸ್ ಯಂತ್ರಗಳು ಒಂದಕ್ಕೊಂದು ಜಾಲದಲ್ಲಿ ಸೇರಿಕೊಂಡಿದ್ದವು. ಫೈಲು ಕಳಿಸಲು ಒಂದು ಡೀಮನ್, ದೂರದಿಂದ ಲಾಗಿನ್ ಆಗಲು ಒಂದು, ಅಂಚೆಗೆ ಒಂದು. ಪ್ರತಿಯೊಂದೂ ಯಾರಾದರೂ ಕರೆಯುತ್ತಾರಾ ಅಂತ ಕಾಯುತ್ತಾ ಸದಾ ಮೆಮೊರಿಯಲ್ಲಿ ಕೂತಿರಬೇಕು. ಆಗಿನ ಮೆಮೊರಿ ನೆನೆದರೆ ಇದು ದುಬಾರಿ ವ್ಯವಹಾರ. ಅದಕ್ಕೆ 1986ರ 4.3 ಬಿಎಸ್‌ಡಿಯಲ್ಲಿ ಐನೆಟ್‌ಡಿ ಎಂಬ ಒಂದು ಚಂದದ ಉಪಾಯ ಬಂತು. ಎಲ್ಲರ ಪರವಾಗಿ ಇದೊಂದೇ ಬಾಗಿಲಲ್ಲಿ ಕೂತಿರುತ್ತೆ. 21ನೇ ಬಾಗಿಲು ತಟ್ಟಿದರೆ ಎಫ್‌ಟಿಪಿಯನ್ನು ಎಬ್ಬಿಸುತ್ತೆ, 23 ತಟ್ಟಿದರೆ ಟೆಲ್ನೆಟ್ಟನ್ನು. ಕೆಲಸ ಮುಗಿದ ಮೇಲೆ ಅವು ಮತ್ತೆ ಮಾಯ. ಯಾವ ಯಾವ ಬಾಗಿಲಿಗೆ ಯಾರು ಅಂತ ಒಂದು ಪುಟ್ಟ ಫೈಲಿನಲ್ಲಿ ಸಾಲು ಸಾಲಾಗಿ ಬರೆದಿರುತ್ತೆ. ಒಂದು ಸರ್ವೀಸು ಬೇಡ ಅಂದರೆ ಆ ಸಾಲಿನ ಮುಂದೆ ಒಂದು ಹ್ಯಾಷ್ ಚಿಹ್ನೆ ಹಾಕಿದರಾಯಿತು. ಬೇಡದ ಸರ್ವೀಸನ್ನು ಮುಚ್ಚಲು ಇದಕ್ಕಿಂತ ಸುಲಭದ ದಾರಿ ಆಮೇಲೆ ಬಂದಿಲ್ಲ ಅಂತ ನನ್ನ ಅಭಿಪ್ರಾಯ.

ಆದರೆ ಎಡವಟ್ಟಾದದ್ದೂ ಇಲ್ಲೇ. ಸರ್ವೀಸು ತೆರೆದಿಟ್ಟುಕೊಂಡರೆ ಖರ್ಚೇ ಇಲ್ಲ ಅಂತಾದ ಮೇಲೆ ಮುಚ್ಚುವ ಗೋಜಿಗೆ ಯಾರು ಹೋಗ್ತಾರೆ? ಯಂತ್ರ ಮಾರುವವರು ಬಹುತೇಕ ಎಲ್ಲಾ ಸಾಲುಗಳನ್ನೂ ತೆರೆದೇ ಕಳಿಸುತ್ತಿದ್ದರು. ಹೇಳಿದ್ದನ್ನೇ ಹಿಂದಕ್ಕೆ ಹೇಳುವ ಎಕೋ, ಏನು ಕಳಿಸಿದರೂ ಎಸೆದುಬಿಡುವ ಡಿಸ್ಕಾರ್ಡ್, ಸುಮ್ಮನೆ ಅಕ್ಷರಗಳನ್ನು ಕಕ್ಕುವ ಚಾರ್ಜೆನ್. ಜಾಲ ಸರಿಯಿದೆಯಾ ಅಂತ ಪರೀಕ್ಷಿಸಲು 1983ರ ಮೇ ತಿಂಗಳಲ್ಲಿ ಜಾನ್ ಪೋಸ್ಟೆಲ್ ಇವಕ್ಕೆಲ್ಲಾ ಪುಟ್ಟ ಪುಟ್ಟ ವಿವರಣೆ ಬರೆದಿದ್ದರು. ಪರೀಕ್ಷೆ ಮುಗಿದು ದಶಕಗಳು ಕಳೆದರೂ ಬಾಗಿಲು ತೆರೆದೇ ಇತ್ತು.

ಇದರ ಫಲ ಏನಾಯಿತು ಗೊತ್ತಾ? ಯಾರೋ ಒಬ್ಬ ತುಂಟ, ಒಂದು ಯಂತ್ರದ ಚಾರ್ಜೆನ್‌ನಿಂದ ಬಂದ ಹಾಗೆ ಸುಳ್ಳು ವಿಳಾಸ ಬರೆದು ಇನ್ನೊಂದು ಯಂತ್ರದ ಎಕೋಗೆ ಒಂದೇ ಒಂದು ಪತ್ರ ಹಾಕಿದರೆ ಸಾಕು. ಎಕೋ ಅದನ್ನು ಚಾರ್ಜೆನ್‌ಗೆ ತಿರುಗಿ ಕಳಿಸುತ್ತೆ, ಚಾರ್ಜೆನ್ ಇನ್ನಷ್ಟು ಅಕ್ಷರ ಕಕ್ಕುತ್ತೆ, ಎಕೋ ಅದನ್ನೂ ತಿರುಗಿ ಕಳಿಸುತ್ತೆ... ಎರಡು ಪೆದ್ದು ಸರ್ವೀಸುಗಳು ಜಗಳಕ್ಕೆ ಬಿದ್ದು ಜಾಲವೇ ಸ್ತಬ್ಧ. ಬೇಡದ ಇಂಥ ಸರ್ವೀಸುಗಳನ್ನು ಮುಚ್ಚಿ ಅಂತ ಸರ್ಟ್ ಸಂಸ್ಥೆ 1996ರ ಫೆಬ್ರವರಿಯಲ್ಲಿ ಎಚ್ಚರಿಕೆ ಕೊಟ್ಟಿತು. ಮುಚ್ಚಿದರಾ? 2014ರ ಜನವರಿಯಲ್ಲಿ ಅಮೆರಿಕದ ಸರ್ಕಾರಿ ಸರ್ಟ್ ಇನ್ನೊಂದು ಎಚ್ಚರಿಕೆ ಹೊರಡಿಸಿತು, ಯಾವ ಯಾವ ಸರ್ವೀಸನ್ನು ಬಳಸಿ ದಾಳಿಕೋರರು ತಮ್ಮ ದಾಳಿಯನ್ನು ಎಷ್ಟು ಪಟ್ಟು ಹಿಗ್ಗಿಸಬಹುದು ಅಂತ. ಪಟ್ಟಿಯಲ್ಲಿ ಚಾರ್ಜೆನ್ ಠೀವಿಯಿಂದ ಕೂತಿತ್ತು, 358 ಪಟ್ಟು! ಮೂವತ್ತು ವರ್ಷದ ಹಿಂದಿನ ಪರೀಕ್ಷಾ ಸಾಧನ :-)

ಮೊದಲ ದೊಡ್ಡ ಪೆಟ್ಟು ಬಿದ್ದದ್ದು 1988ರ ನವೆಂಬರ್ 2ರಂದು. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟ್ಯಾಪನ್ ಮೋರಿಸ್ ಬರೆದ ಹುಳು ಆಗಿನ ಇಂಟರ್ನೆಟ್ಟಿನಲ್ಲಿ ಹರಿದಾಡಿತು. ಆ ಕಾಲಕ್ಕೆ ಜಾಲದಲ್ಲಿದ್ದ ಸುಮಾರು 60,000 ಯಂತ್ರಗಳಲ್ಲಿ ಹತ್ತರಲ್ಲೊಂದು ಅದಕ್ಕೆ ಸಿಕ್ಕಿತು ಎಂಬುದು ಆಗ ಮಾಡಿದ ಅಂದಾಜು. ಈ ಕಥೆಯನ್ನು ಎಲ್ಲರೂ ಪಾಸ್‌ವರ್ಡ್, ಹ್ಯಾಕರ್ ಅಂತೆಲ್ಲಾ ಹೇಳ್ತಾರೆ. ನನಗೆ ಕುತೂಹಲ ಇರೋದು ಅದು ಯಾವ ಬಾಗಿಲಿಂದ ಒಳಗೆ ಬಂತು ಅನ್ನೋದರಲ್ಲಿ. ಒಂದು ಬಾಗಿಲು ಫಿಂಗರ್.

ಫಿಂಗರ್ ಅಂದ್ರೆ ಇವತ್ತಿನವರಿಗೆ ಗೊತ್ತಿರಲಿಕ್ಕಿಲ್ಲ. ವಾಟ್ಸ್ಯಾಪ್‌ನಲ್ಲಿ ಲಾಸ್ಟ್ ಸೀನ್ ನೋಡ್ತೀವಲ್ಲ, ಅದರ ಮುತ್ತಜ್ಜ. 1970ರ ದಶಕದ ಆರಂಭದಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಲೆಸ್ ಅರ್ನೆಸ್ಟ್ ಬರೆದದ್ದು. ಯಾರು ಲಾಗಿನ್ ಆಗಿದ್ದಾರೆ ಅಂತ ಪಟ್ಟಿಯ ಮೇಲೆ ಜನ ಬೆರಳಾಡಿಸುತ್ತಾ ಹುಡುಕೋದನ್ನು ನೋಡಿ ಬೆರಳು ಅಂತಲೇ ಹೆಸರಿಟ್ಟರಂತೆ. ಆ ಸಣ್ಣ ಸಮುದಾಯದಲ್ಲಿ ಅದು ನಿಜಕ್ಕೂ ಉಪಯೋಗದ್ದೇ. ಬಾಗಿಲು ಕಾಯುತ್ತಿದ್ದ ಫಿಂಗರ್‌ಡಿ 512 ಅಕ್ಷರಗಳಷ್ಟು ಜಾಗ ಇಟ್ಟುಕೊಂಡು, ಬಂದದ್ದು ಎಷ್ಟುದ್ದ ಅಂತ ಅಳೆಯದೇ ತುಂಬಿಕೊಳ್ಳುತ್ತಿತ್ತು. ಮೋರಿಸ್‌ನ ಹುಳು 536 ಕಳಿಸಿತು. ಹೆಚ್ಚಾದ 24 ಅಕ್ಷರಗಳಲ್ಲಿ ಇತ್ತು ಮರ್ಮ. ಇನ್ನೊಂದು ಬಾಗಿಲು ಅಂಚೆಯ ಸೆಂಡ್‌ಮೇಲ್. ಅದರಲ್ಲಿ ದೋಷ ಪತ್ತೆಗೆಂದು ಇಟ್ಟ ಡೀಬಗ್ ಎಂಬ ಆದೇಶವನ್ನು ಮುಚ್ಚದೇ ಊರೂರಿಗೆ ಹಂಚಿಬಿಟ್ಟಿದ್ದರು. ಎರಡೂ ಕಡೆ ಕಾರಣ ಒಂದೇ, ಇರಲಿ ಬಿಡು.

ಮೋರಿಸ್‌ಗೆ 1990ರಲ್ಲಿ ಶಿಕ್ಷೆಯಾಯಿತು, ಮೂರು ವರ್ಷ ಪ್ರೊಬೇಷನ್, 400 ಗಂಟೆ ಸಮುದಾಯ ಸೇವೆ, 10,050 ಡಾಲರ್ ದಂಡ. ಆಮೇಲೆ ಅವರು ಎಂಐಟಿಯಲ್ಲೇ ಪ್ರೊಫೆಸರ್ ಆದರು ಬಿಡಿ. ಮೇಲೆ ಹೇಳಿದ ಸರ್ಟ್ ಸಂಸ್ಥೆ ಹುಟ್ಟಿದ್ದೂ ಇದೇ ಹುಳುವಿನ ದೆಸೆಯಿಂದ, ಅದೇ ತಿಂಗಳು, ಕಾರ್ನೆಗಿ ಮೆಲನ್‌ನಲ್ಲಿ.

ಇಷ್ಟೆಲ್ಲಾ ಆದರೂ ಪಾಠವನ್ನು ಪೂರ್ತಿ ಗಂಭೀರವಾಗಿ ತಗೊಂಡವರು ಕಡಿಮೆ. ತಗೊಂಡವರಲ್ಲಿ ಓಪನ್‌ಬಿಎಸ್‌ಡಿಯವರದ್ದು ದೊಡ್ಡ ಹೆಸರು. 1995ರಲ್ಲಿ ಥಿಯೋ ಡಿ ರಾಟ್ ಶುರು ಮಾಡಿದ ಈ ವ್ಯವಸ್ಥೆಯ ನಿಯಮ ಸರಳ: ಹಾಕಿದ ತಕ್ಷಣ ಬಹುತೇಕ ಎಲ್ಲವೂ ಮುಚ್ಚಿರಬೇಕು, ಬೇಕಾದದ್ದನ್ನು ಬೇಕಾದವರು ತೆರೆದುಕೊಳ್ಳಲಿ. ವರ್ಷಗಟ್ಟಲೆ ಒಂದೂ ತೂತಿಲ್ಲ ಅಂತ ಅವರು ಎದೆ ತಟ್ಟಿ ಹೇಳುತ್ತಿದ್ದರು. 2002ರ ಜೂನ್‌ನಲ್ಲಿ ಕೊನೆಗೂ ಒಂದು ತೂತು ಸಿಕ್ಕಿತು. ಎಲ್ಲಿ ಅಂತೀರಿ? ಅವರು ತೆರೆದಿಟ್ಟಿದ್ದ ಎಸ್‌ಎಸ್‌ಎಚ್‌ನಲ್ಲಿ, ಅದೂ ಅವರೇ ಬರೆದದ್ದು! ಅವರನ್ನು ಹಂಗಿಸಲು ಈ ಮಾತು ಹೇಳ್ತಿಲ್ಲ. ಮುಚ್ಚಿದ ಬಾಗಿಲಿನಿಂದ ಯಾರೂ ಬರಲಿಲ್ಲ ಅನ್ನೋದೇ ಅವರ ವಾದಕ್ಕೆ ದೊಡ್ಡ ಸಾಕ್ಷಿ ಅಂತ ನನಗನ್ನಿಸುತ್ತೆ. ಲಿನಕ್ಸ್‌ನವರಿಗೆ ಬುದ್ಧಿ ಬಂದದ್ದು ಇನ್ನೂ ತಡವಾಗಿ. 2001ರ ಜನವರಿಯಲ್ಲಿ ರಾಮೆನ್ ಎಂಬ ಹುಳು ರೆಡ್ ಹ್ಯಾಟ್ 6.2 ಮತ್ತು 7.0 ಯಂತ್ರಗಳಲ್ಲಿ ಎಫ್‌ಟಿಪಿ, ಪ್ರಿಂಟರ್ ಮುಂತಾದ ಸರ್ವೀಸುಗಳ ಮೂಲಕ ನುಗ್ಗಿ ವೆಬ್ ಪುಟಗಳಲ್ಲಿ ನೂಡಲ್ಸ್ ಚಿತ್ರ ಅಂಟಿಸಿ ಹೋಯಿತು. 2004ರಲ್ಲಿ ಉಬುಂಟು ಬಂದಾಗ ಹೊರಗಿನವರಿಗೆ ಯಾವ ಬಾಗಿಲೂ ತೆರೆದಿರಬಾರದು ಅನ್ನೋದನ್ನು ನಿಯಮವನ್ನಾಗಿಯೇ ಇಟ್ಟುಕೊಂಡಿತ್ತು.

ಇನ್ನು ವಿಂಡೋಸ್. 1993ರ ವಿಂಡೋಸ್ ಎನ್‌ಟಿ 3.1ರಿಂದಲೇ ಸರ್ವೀಸುಗಳಿಗೆ ಅಲ್ಲಿ ಸರಿಯಾದ ವ್ಯವಸ್ಥೆ ಇತ್ತು. ಸರ್ವೀಸ್ ಕಂಟ್ರೋಲ್ ಮ್ಯಾನೇಜರ್ ಎಂಬ ಮೇಸ್ತ್ರಿ, ಅದರ ಕೈಕೆಳಗೆ ಪ್ರತಿ ಸರ್ವೀಸಿಗೂ ಆಟೋಮ್ಯಾಟಿಕ್, ಮ್ಯಾನ್ಯುಯಲ್, ಡಿಸೇಬಲ್ಡ್ ಎಂಬ ಮೂರು ಸ್ಥಿತಿ. ಯಾರೂ ಲಾಗಿನ್ ಆಗದಿದ್ದರೂ ಓಡುತ್ತೆ. ಮೇಸ್ತ್ರಿ ಚೆನ್ನಾಗಿದ್ದ, ತಪ್ಪಿದ್ದು ಆಟೋಮ್ಯಾಟಿಕ್ ಪಟ್ಟಿಯ ಉದ್ದದಲ್ಲಿ. ವಿಂಡೋಸ್ 2000 ಸರ್ವರ್ ಹಾಕಿದರೆ ಐಐಎಸ್ ಎಂಬ ವೆಬ್ ಸರ್ವರೂ ಕೇಳದೇ ಜೊತೆಗೆ ಬರುತ್ತಿತ್ತು. ಫೈಲು ಹಂಚಲು, ಪ್ರಿಂಟರ್ ಹಂಚಲು ಸರ್ವರ್ ಹಾಕಿದವರಿಗೆ ತಮ್ಮಲ್ಲಿ ಒಂದು ವೆಬ್ ಸರ್ವರ್ ಓಡ್ತಿದೆ ಅಂತಲೇ ತಿಳಿಯದು. 2001ರ ಜುಲೈ 19ರಂದು ಕೋಡ್ ರೆಡ್ ಎಂಬ ಹುಳು ಹದಿನಾಲ್ಕು ಗಂಟೆಯೊಳಗೆ 3,59,000ಕ್ಕೂ ಹೆಚ್ಚು ಯಂತ್ರಗಳಿಗೆ ಹೊಕ್ಕಿತು. ತೇಪೆ ಬಂದು ಆಗಲೇ ಒಂದು ತಿಂಗಳಾಗಿತ್ತು. ಆದರೆ ತನ್ನ ಮನೆಯಲ್ಲಿಲ್ಲ ಅಂದುಕೊಂಡ ವಸ್ತುವಿಗೆ ತೇಪೆ ಹಾಕುವವರು ಯಾರು?

ಕೋಡ್ ರೆಡ್‌ನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ತೂತು ಇದ್ದದ್ದು ಫೈಲುಗಳನ್ನು ಹುಡುಕಲು ನೆರವಾಗುವ ಇಂಡೆಕ್ಸಿಂಗ್ ಸರ್ವೀಸಿಗೆ ಸೇರಿದ ಒಂದು ಕಡತದಲ್ಲಿ. ಆ ಸರ್ವೀಸನ್ನು ನೀವು ನಿಲ್ಲಿಸಿಯೇ ಇಟ್ಟಿದ್ದರೂ ಉಪಯೋಗ ಇರಲಿಲ್ಲ! ಐಐಎಸ್‌ನಲ್ಲಿ ಆ ಕಡತಕ್ಕೆ ದಾರಿ ಬರೆದಿಟ್ಟಿದ್ದರೆ ಸಾಕು, ಹುಳು ಆ ದಾರಿಯಿಂದ ಬರುತ್ತಿತ್ತು. ಡಿಸೇಬಲ್ಡ್ ಅಂತ ತೆರೆಯ ಮೇಲೆ ಕಂಡದ್ದೆಲ್ಲಾ ನಿಜಕ್ಕೂ ಮುಚ್ಚಿರಬೇಕು ಅಂತೇನಿಲ್ಲ.

2002ರ ಜನವರಿ 15ರಂದು ಬಿಲ್ ಗೇಟ್ಸ್ ತಮ್ಮ ಸಿಬ್ಬಂದಿಗೆಲ್ಲಾ ಒಂದು ಓಲೆ ಬರೆದರು, ಹೊಸ ಸೌಲಭ್ಯ ಮತ್ತು ಸುರಕ್ಷತೆ ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಸುರಕ್ಷತೆಯನ್ನೇ ಆರಿಸಿ ಅಂತ. 2003ರ ಏಪ್ರಿಲ್‌ನಲ್ಲಿ ಬಂದ ವಿಂಡೋಸ್ ಸರ್ವರ್ 2003ರಲ್ಲಿ ಐಐಎಸ್ ತಾನಾಗಿ ಬರೋದು ನಿಂತಿತು. ಅಷ್ಟರೊಳಗೆ ಇನ್ನೊಂದು ಪೆಟ್ಟು ಬಿದ್ದಾಗಿತ್ತು.

2003ರ ಜನವರಿ 25, ಶನಿವಾರ. ಸ್ಲ್ಯಾಮರ್ ಎಂಬ ಹುಳು. ಬರೀ 376 ಬೈಟು. ಈ ಪ್ಯಾರಾಗಿಂತಲೂ ಸಣ್ಣದು! ಎಂಟೂವರೆ ಸೆಕೆಂಡಿಗೊಮ್ಮೆ ದುಪ್ಪಟ್ಟಾಗುತ್ತಾ, ಹತ್ತು ನಿಮಿಷದೊಳಗೆ ಜಗತ್ತಿನಲ್ಲಿ ಅದಕ್ಕೆ ಸಿಗಬಹುದಾಗಿದ್ದ ಯಂತ್ರಗಳಲ್ಲಿ ಶೇಕಡಾ 90ರಷ್ಟನ್ನು ಹಿಡಿದಿತ್ತು. ಅಮೆರಿಕದಲ್ಲಿ ಒಂದು ದೊಡ್ಡ ಬ್ಯಾಂಕಿನ ಎಟಿಎಂಗಳು ನಿಂತವು, ದಕ್ಷಿಣ ಕೊರಿಯಾದಲ್ಲಿ ಇಂಟರ್ನೆಟ್ಟೇ ಮಲಗಿತು. ಅದು ಹುಡುಕುತ್ತಿದ್ದದ್ದು ಎಸ್‌ಕ್ಯೂಎಲ್ ಸರ್ವರನ್ನು, 1434ನೇ ಬಾಗಿಲಲ್ಲಿ. ಎಸ್‌ಕ್ಯೂಎಲ್ ಸರ್ವರ್ ಇಟ್ಟುಕೊಂಡವರು ಡೇಟಾಬೇಸ್ ಬಲ್ಲವರು ತಾನೇ, ಅವರಿಗೆ ಗೊತ್ತಿರಬೇಕಲ್ಲ? ಇಲ್ಲ. ಎಂಎಸ್‌ಡಿಇ ಅಂತ ಅದರ ಒಂದು ಪುಟ್ಟ ಉಚಿತ ರೂಪ ಇತ್ತು. ಬೇರೆ ಎಷ್ಟೋ ತಂತ್ರಾಂಶಗಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬರುತ್ತಿದ್ದವು. ನೀವು ಹಾಕಿದ್ದು ಯಾವುದೋ ಒಂದು ಸಾಧಾರಣ ಪ್ರೋಗ್ರಾಮು, ಅದು ಮೆಲ್ಲಗೆ ಒಂದು ಡೇಟಾಬೇಸ್ ಸರ್ವೀಸನ್ನು ಶುರು ಮಾಡಿ ಜಗತ್ತಿಗೆ ಬಾಗಿಲು ತೆರೆದು ಕೂರುತ್ತಿತ್ತು. ಒಹಾಯೋದ ಡೇವಿಸ್-ಬೆಸ್ ಅಣುವಿದ್ಯುತ್ ಸ್ಥಾವರಕ್ಕೂ ಈ ಹುಳು ನುಗ್ಗಿತು, ಗುತ್ತಿಗೆದಾರರೊಬ್ಬರ ಜಾಲದಿಂದ, ಫೈರ್‌ವಾಲನ್ನು ಬಳಸಿಕೊಂಡು ಹೋಗುವ ಒಂದು ಪಕ್ಕದ ದಾರಿಯಲ್ಲಿ. ಸುರಕ್ಷತಾ ಮಾಹಿತಿ ತೋರಿಸುವ ವ್ಯವಸ್ಥೆ ಐದು ಗಂಟೆಯ ಹತ್ತಿರ ಕೆಲಸ ಮಾಡಲಿಲ್ಲ. ಪುಣ್ಯಕ್ಕೆ ಸ್ಥಾವರ ಆಗ ಬೇರೆ ಕಾರಣಕ್ಕೆ ನಿಂತಿತ್ತು.

ಅದೇ ವರ್ಷದ ಆಗಸ್ಟ್ 11ಕ್ಕೆ ಬ್ಲಾಸ್ಟರ್. ಹಳಬರಿಗೆ ಆ ಅರವತ್ತು ಸೆಕೆಂಡಿನ ಗಡಿಯಾರ ಮರೆಯಲು ಸಾಧ್ಯವೇ ಇಲ್ಲ ಅಂತಾರೆ, ಇಂಟರ್ನೆಟ್ಟಿಗೆ ಸೇರಿದ ಸ್ವಲ್ಪ ಹೊತ್ತಿಗೆ ಕಂಪ್ಯೂಟರ್ ಮುಚ್ಚಿಕೊಳ್ಳುತ್ತಿದೆ ಅಂತ ಒಂದು ಡಬ್ಬಿ ಬಂದು ಎಣಿಕೆ ಶುರು. ಹುಳು ನುಗ್ಗುವ ಭರದಲ್ಲಿ ಆರ್‌ಪಿಸಿ ಎಂಬ ಸರ್ವೀಸು ಕುಸಿದು ಬೀಳುತ್ತಿತ್ತು, ಅದು ಬಿದ್ದರೆ ಯಂತ್ರವನ್ನೇ ಮತ್ತೆ ಶುರು ಮಾಡು ಅಂತ ಮೇಸ್ತ್ರಿಗೆ ಆದೇಶ ಇತ್ತು. ಹಿಂದಿನ ಕಥೆಗಳಿಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಫಿಂಗರನ್ನು ಮುಚ್ಚಬಹುದಿತ್ತು, ಐಐಎಸ್ ತೆಗೆದು ಹಾಕಬಹುದಿತ್ತು. ಆರ್‌ಪಿಸಿಯನ್ನು ಮುಚ್ಚುವ ಹಾಗಿಲ್ಲ. ವಿಂಡೋಸ್‌ನ ಅರ್ಧಕ್ಕರ್ಧ ಸರ್ವೀಸುಗಳು ಅದರ ಹೆಗಲ ಮೇಲೆ ಕೂತಿವೆ. ಮನೆಯೊಳಗಿನವರ ಮಾತುಕತೆಗೆ ಬೇಕಾದ ಸರ್ವೀಸು ಊರವರಿಗೂ ಕೇಳುವ ಹಾಗೆ ಕೂತಿತ್ತು, ಅದು ಸಮಸ್ಯೆ. ಹಾಗಾಗಿ ಮುಚ್ಚೋದರ ಬದಲು ಮುಂದೆ ಗೋಡೆ ಕಟ್ಟಬೇಕಾಯಿತು. 2004ರ ಆಗಸ್ಟ್‌ನಲ್ಲಿ ಬಂದ ಎಕ್ಸ್‌ಪಿ ಸರ್ವೀಸ್ ಪ್ಯಾಕ್ 2ರಲ್ಲಿ ಫೈರ್‌ವಾಲ್ ತಾನಾಗಿಯೇ ಆನ್ ಆಗಿ ಬಂತು.

ಅದೇ ಪ್ಯಾಕಿನಲ್ಲಿ ಮೆಸೆಂಜರ್ ಸರ್ವೀಸಿಗೂ ಮುಕ್ತಿ ಸಿಕ್ಕಿತು. ಇದು ಎಂಎಸ್‌ಎನ್ ಮೆಸೆಂಜರ್ ಅಲ್ಲ. ಆಫೀಸಿನೊಳಗೆ ಅಡ್ಮಿನ್ ಎಲ್ಲರಿಗೂ "ಸರ್ವರ್ ನಿಲ್ಲಿಸ್ತಾ ಇದ್ದೀನಿ, ಫೈಲು ಉಳಿಸಿಕೊಳ್ಳಿ" ಅಂತ ಹೇಳಲು ಇದ್ದ ನೆಟ್ ಸೆಂಡ್ ಎಂಬ ಆದೇಶದ ಹಿಂದಿನ ಸರ್ವೀಸು. ಮನೆಯ ಕಂಪ್ಯೂಟರಿಗೆ ಇದರಿಂದ ಮೂರು ಕಾಸಿನ ಪ್ರಯೋಜನ ಇಲ್ಲ, ಆದರೂ ಎಲ್ಲಾ ಎಕ್ಸ್‌ಪಿಯಲ್ಲೂ ಓಡುತ್ತಿತ್ತು. 2002ರ ಹೊತ್ತಿಗೆ ಜಾಹೀರಾತಿನವರು ಇದನ್ನು ಕಂಡುಕೊಂಡರು. ಬ್ರೌಸರ್ ತೆರೆಯದಿದ್ದರೂ ತೆರೆಯ ನಡುವೆ ಬೂದು ಬಣ್ಣದ ಡಬ್ಬಿ, ಅದರಲ್ಲಿ ಪದವಿ ಪ್ರಮಾಣಪತ್ರ ಕೊಳ್ಳಿ, ಅದು ಕೊಳ್ಳಿ, ಇದು ಕೊಳ್ಳಿ. ತಮಾಷೆ ಅಂದ್ರೆ ಕೆಲವರು ಇದೇ ಡಬ್ಬಿಯ ಮೂಲಕ, ಈ ಡಬ್ಬಿ ಬಾರದ ಹಾಗೆ ತಡೆಯುವ ತಂತ್ರಾಂಶ ಮಾರುತ್ತಿದ್ದರು! ಅಂಥ ಒಂದು ಕಂಪನಿಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2003ರ ನವೆಂಬರ್‌ನಲ್ಲಿ ಕೋರ್ಟಿಗೆ ಹೋಯಿತು. ಅದಕ್ಕೆ ಸ್ವಲ್ಪ ಮುಂಚೆ ಎಓಎಲ್ ಕಂಪನಿ ತನ್ನ ಗ್ರಾಹಕರ ಯಂತ್ರಗಳಲ್ಲಿ ಈ ಸರ್ವೀಸನ್ನು ಅವರನ್ನು ಕೇಳದೇ ತಾನೇ ಆಫ್ ಮಾಡಿತ್ತು. ಕೇಳದೇ ಆನ್ ಮಾಡಿದವರು ಒಬ್ಬರು, ಕೇಳದೇ ಆಫ್ ಮಾಡಿದವರು ಇನ್ನೊಬ್ಬರು. ನಡುವೆ ಕಂಪ್ಯೂಟರಿನ ಯಜಮಾನ ಸುಮ್ಮನೆ ನೋಡ್ತಾ ಕೂತಿದ್ದ.

ಆ ಯಜಮಾನನೂ ಪೂರ್ತಿ ಸುಮ್ಮನೆ ಕೂರಲಿಲ್ಲ. 64 ಎಂಬಿ, 128 ಎಂಬಿ ಮೆಮೊರಿಯಲ್ಲಿ ಎಕ್ಸ್‌ಪಿ ತೆವಳುತ್ತಿದ್ದ ಕಾಲದಲ್ಲಿ ಬ್ಲ್ಯಾಕ್ ವೈಪರ್ ಎಂಬ ಹೆಸರಿನಲ್ಲಿ ಒಬ್ಬರು ಪ್ರತಿಯೊಂದು ವಿಂಡೋಸ್ ಸರ್ವೀಸು ಏನು ಮಾಡುತ್ತೆ, ನಿಲ್ಲಿಸಿದರೆ ಏನಾಗುತ್ತೆ ಅಂತ ಪರೀಕ್ಷಿಸಿ ಕೋಷ್ಟಕ ಮಾಡಿ ಹಾಕಿದರು. ಸುರಕ್ಷಿತ, ಅದಕ್ಕಿಂತ ಬಿಗಿ, ಬರೀ ಎಲುಬು ಅಂತ ಬೇರೆ ಬೇರೆ ಕಂಬಸಾಲು. ಜಗತ್ತಿನ ಅದೆಷ್ಟು ಹುಡುಗರು ಆ ಕೋಷ್ಟಕ ಮುಂದಿಟ್ಟುಕೊಂಡು ತಮ್ಮ ಕಂಪ್ಯೂಟರ್ ಕೆಡಿಸಿಕೊಂಡಿದ್ದಾರೋ!

ಕೆಡಿಸಿದವರಲ್ಲಿ ನಾನೂ ಒಬ್ಬ. ಹೈಸ್ಕೂಲಿನಲ್ಲಿದ್ದೆ, ಮನೆಗೆ ಸೆಕೆಂಡ್ ಹ್ಯಾಂಡ್ ಎಕ್ಸ್‌ಪಿ ಕಂಪ್ಯೂಟರ್ ಬಂದಿತ್ತು. ಆಟ ನಿಧಾನ ಅಂತ ಎಲ್ಲಿಂದಲೋ ಸಿಕ್ಕಿದ ಒಂದು ಪಟ್ಟಿ ಹಿಡಿದು, ಅದರಲ್ಲಿ ಇಲ್ಲದಿದ್ದನ್ನೂ ಸೇರಿಸಿಕೊಂಡು ಕಂಡಕಂಡದ್ದನ್ನೆಲ್ಲಾ ಡಿಸೇಬಲ್ ಮಾಡಿದೆ. ಡಿಎಚ್‌ಸಿಪಿ ಕ್ಲೈಂಟ್ ಅಂತ ಒಂದಿತ್ತು. ನಾನು ಯಾರ ಕ್ಲೈಂಟೂ ಅಲ್ಲವಲ್ಲ ಅಂತ ಅದನ್ನೂ ಮುಚ್ಚಿದೆ. ಮಾರನೇ ದಿನ ಇಂಟರ್ನೆಟ್ ಇಲ್ಲ. ಮೋಡೆಮ್ಮಿನ ದೀಪಗಳೆಲ್ಲಾ ಸರಿಯಾಗಿಯೇ ಉರೀತಾ ಇವೆ. ಅಪ್ಪ ಮೂರು ಸಲ ದೂರು ಕೊಟ್ಟರು. ಜಡಿಮಳೆಯಲ್ಲಿ ಲೈನ್‌ಮ್ಯಾನ್ ಗುಡ್ಡ ಹತ್ತಿ ಬಂದು, ಕಂಬದಿಂದ ಮನೆವರೆಗೆ ವೈರು ನೋಡಿ, ಒದ್ದೆ ಬಟ್ಟೆಯಲ್ಲೇ ಚಹಾ ಕುಡಿದು, "ಲೈನ್ ಸರಿ ಉಂಟಲ್ಲ ಭಟ್ರೇ" ಅಂತ ತಲೆ ಕೆರೆದುಕೊಂಡು ಹೋದರು. ನನಗೆ ಆ ಹೊತ್ತಿಗೆ ಅನುಮಾನ ಬಂದಿತ್ತು, ಬಾಯಿ ಬಿಡಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದೊಂದಾಗಿ ವಾಪಸ್ ಆನ್ ಮಾಡುತ್ತಾ ಹೋದಾಗ ಆರನೆಯದ್ದಕ್ಕೆ ನೆಟ್ ಬಂತು. ಅಪ್ಪನಿಗೆ ಇವತ್ತಿಗೂ ಅದು ಲೈನ್‌ಮ್ಯಾನ್ ಕೈಗುಣ.

ಮುಂದಿನ ಕಥೆ ಬೇಗ ಹೇಳಿ ಮುಗಿಸ್ತೀನಿ. ಹಾರ್ಡ್‌ವೇರ್ ಅಗ್ಗವಾಯಿತು, ಮೆಮೊರಿಗಾಗಿ ಸರ್ವೀಸು ನಿಲ್ಲಿಸುವ ಚಟ ಕಡಿಮೆಯಾಯಿತು. ಕೇಳಿದಾಗ ಮಾತ್ರ ಎದ್ದೇಳುವ ಐನೆಟ್‌ಡಿಯ ಹಳೇ ಉಪಾಯ 2005ರಲ್ಲಿ ಆಪಲ್‌ನ ಲಾಂಚ್‌ಡಿಯಾಗಿ, 2009ರಲ್ಲಿ ವಿಂಡೋಸ್ 7ರ ಟ್ರಿಗರ್ ಸ್ಟಾರ್ಟ್ ಆಗಿ, 2010ರಲ್ಲಿ ಲೆನಾರ್ಟ್ ಪೋಟರಿಂಗ್ ಅವರ ಸಿಸ್ಟಮ್‌ಡಿಯಾಗಿ ಬೇರೆ ಬೇರೆ ವೇಷದಲ್ಲಿ ಮರಳಿ ಬಂತು. ಸಿಸ್ಟಮ್‌ಡಿಯಲ್ಲಿ ಒಂದು ಸರ್ವೀಸನ್ನು ಡಿಸೇಬಲ್ ಮಾಡಿದರೆ ಅದು ತಾನಾಗಿ ಏಳೋದಿಲ್ಲ, ಆದರೆ ಬೇರೆ ಯಾರಾದರೂ ಕರೆದರೆ ಏಳುತ್ತೆ. ಯಾರು ಕರೆದರೂ ಏಳಬಾರದು ಅಂದ್ರೆ ಮಾಸ್ಕ್ ಮಾಡಬೇಕು. ಎಷ್ಟೋ ಜನ ಎಡವೋದು ಇಲ್ಲೇ, ನಾನೂ ಎಡವಿದ್ದೇನೆ.

ಪೆಟ್ಟು ಬೀಳೋದು ಮಾತ್ರ ನಿಂತಿಲ್ಲ. 2017ರ ಮೇ 12ರ ವಾನಾಕ್ರೈ ಹೊಕ್ಕಿದ್ದು ಎಸ್‌ಎಂಬಿ ಎಂಬ ಫೈಲು ಹಂಚುವ ವ್ಯವಸ್ಥೆಯ ಮೊದಲ ಆವೃತ್ತಿಯ ಮೂಲಕ, 1980ರ ದಶಕದ ಸರಕು. ಅದನ್ನು ಬಳಸಬೇಡಿ ಅಂತ ಮೈಕ್ರೋಸಾಫ್ಟಿನ ನೆಡ್ ಪೈಲ್ 2016ರ ಸೆಪ್ಟೆಂಬರ್‌ನಲ್ಲೇ ಗೋಗರೆದು ಬರೆದಿದ್ದರು. ಹಳೇ ಸ್ಕ್ಯಾನರು, ಜೆರಾಕ್ಸ್ ಯಂತ್ರಗಳು ಅದನ್ನೇ ನಂಬಿಕೊಂಡಿವೆ ಅಂತ ಕಚೇರಿಗಳು ಬಿಡಲಿಲ್ಲ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗೆಂದು ಗೊತ್ತು ಮಾಡಿದ್ದ ದಿನಗಳು ಸಾವಿರಾರು ಸಂಖ್ಯೆಯಲ್ಲಿ ರದ್ದಾದವು. ಬೇಡದ ಸರ್ವೀಸಿನ ಬೆಲೆಯನ್ನು ಅದನ್ನು ತೆರೆದಿಟ್ಟವರೇ ತೆರುತ್ತಾರೆ ಅಂತೇನಿಲ್ಲ. ಆವತ್ತು ತೆತ್ತವರು ಹಾಸಿಗೆ ಮೇಲಿದ್ದ ರೋಗಿಗಳು, ಅವರಲ್ಲಿ ಎಸ್‌ಎಂಬಿ ಅಂದ್ರೆ ಏನು ಅಂತ ಎಷ್ಟು ಜನಕ್ಕೆ ಗೊತ್ತಿತ್ತು? ಅದೇ ವರ್ಷದ ಅಕ್ಟೋಬರ್‌ನ ವಿಂಡೋಸ್ 10 ಆವೃತ್ತಿಯಿಂದ ಆ ಹಳೇ ಎಸ್‌ಎಂಬಿ ತಾನಾಗಿ ಬರೋದು ನಿಂತಿತು.

2021ರ ಜುಲೈನಲ್ಲಿ ಪ್ರಿಂಟ್ ಸ್ಪೂಲರ್. ಪ್ರಿಂಟರ್ ಇರಲಿ ಇಲ್ಲದಿರಲಿ ವಿಂಡೋಸ್‌ನಲ್ಲಿ ಇದು ಓಡ್ತಾ ಇರುತ್ತೆ, ಇಡೀ ಕಂಪನಿಯ ಪಾಸ್‌ವರ್ಡುಗಳನ್ನು ಕಾಯುವ ಡೊಮೇನ್ ಕಂಟ್ರೋಲರ್‌ನಲ್ಲೂ. ಅದರ ಮೇಲೆ ಕೂತು ಯಾರೂ ಪ್ರಿಂಟ್ ತೆಗೆಯೋದಿಲ್ಲ ಅಂತ ಬೇರೆ ಹೇಳಬೇಕಾ? 2010ರಲ್ಲಿ ಸ್ಟಕ್ಸ್‌ನೆಟ್ ಬಳಸಿದ ತೂತುಗಳಲ್ಲೂ ಒಂದು ಇದೇ ಸ್ಪೂಲರ್‌ನದ್ದು. ಪ್ರಿಂಟ್‌ನೈಟ್‌ಮೇರ್ ಬಂದಾಗ ಅಮೆರಿಕದ ಸೈಬರ್ ಸುರಕ್ಷತಾ ಸಂಸ್ಥೆ ಜುಲೈ 13ರಂದು, ಕೇಂದ್ರ ಸರ್ಕಾರದ ಎಲ್ಲಾ ಡೊಮೇನ್ ಕಂಟ್ರೋಲರ್‌ಗಳಲ್ಲಿ ಸ್ಪೂಲರ್ ನಿಲ್ಲಿಸಿ ಡಿಸೇಬಲ್ ಮಾಡಿ ಅಂತ ತುರ್ತು ಆದೇಶ ಹೊರಡಿಸಿತು. ಒಂದು ಸರ್ವೀಸು ನಿಲ್ಲಿಸಲು ಸರ್ಕಾರಿ ಆದೇಶ! ಲಿನಕ್ಸ್‌ನವರು ನಗುವ ಹಾಗಿಲ್ಲ, 2024ರ ಸೆಪ್ಟೆಂಬರ್‌ನಲ್ಲಿ ಪ್ರಿಂಟರ್ ಹುಡುಕುವ ಕಪ್ಸ್-ಬ್ರೌಸ್‌ಡ್ ಎಂಬ ಡೀಮನ್ 631ನೇ ಬಾಗಿಲಲ್ಲಿ ಯಾರು ಏನು ಹೇಳಿದರೂ ನಂಬಿಕೊಂಡು ಕೂತಿರೋದು ಬಯಲಾಯಿತು.

ಇನ್ನು ನಮ್ಮ ಆಫೀಸಿನ ಸರ್ವೀಸು ಏನಾಯಿತು ಅಂತ ಹೇಳಿಬಿಡ್ತೀನಿ. ನಿಲ್ಲಿಸಲಿಲ್ಲ, ಲೈನ್‌ಮ್ಯಾನ್ ಮುಖ ನೆನಪಾಯಿತು. ಅದರ ಬಾಗಿಲಿಗೆ ಯಾರು ಬರ್ತಾರೆ ಅಂತ ಲಾಗ್ ಬರೆಯುವ ಹಾಗೆ ಮಾಡಿ ಬಿಟ್ಟೆ. ಮೂರು ವಾರ ಒಂದು ನರಪಿಳ್ಳೆಯೂ ಬರಲಿಲ್ಲ. ಶುಕ್ರವಾರ ನಿಲ್ಲಿಸೋದು ಅಂತ ನಿರ್ಧರಿಸಿಯೂ ಆಗಿತ್ತು. ಅದಕ್ಕೆ ಎರಡು ದಿನ ಮುಂಚೆ, ಒಂದನೇ ತಾರೀಕು ಬೆಳಗ್ಗೆ ಆರು ಗಂಟೆಗೆ ಲೆಕ್ಕಪತ್ರ ವಿಭಾಗದ ಒಂದು ಯಂತ್ರ ಬಂದು, ನಲವತ್ತು ಸೆಕೆಂಡು ಮಾತಾಡಿ ಹೋಯಿತು. ವಿಚಾರಿಸಿದರೆ ಪ್ರತಿ ತಿಂಗಳು ಸಂಬಳದ ಫೈಲು ತಯಾರಾಗೋದು ಅದರಿಂದಲೇ ಅಂತೆ, ಅಲ್ಲಿನವರಿಗೂ ಅದು ನಮ್ಮ ಸರ್ವರಿಂದ ಬರುತ್ತೆ ಅಂತ ಗೊತ್ತಿರಲಿಲ್ಲ. ನಿಲ್ಲಿಸಿದ್ದರೆ, "ಇರಲಿ ಬಿಡು" ಅಂದವರು ಸೇರಿ ಯಾರಿಗೂ ಆ ತಿಂಗಳು ಹೊತ್ತಿಗೆ ಸರಿಯಾಗಿ ಸಂಬಳ ಬರುತ್ತಿರಲಿಲ್ಲ :-) ಅದನ್ನು ಹೊಸ ಯಂತ್ರಕ್ಕೆ ಸಾಗಿಸಿದ್ದೇನೆ, ಆ ಒಂದು ಯಂತ್ರಕ್ಕೆ ಮಾತ್ರ ಬಾಗಿಲು ತೆರೆಯುವ ಹಾಗೆ, ಯಾಕಿದೆ ಯಾರಿಗೆ ಬೇಕು ಅಂತ ಮೂರು ಸಾಲು ಬರೆದಿಟ್ಟು. ಪಟ್ಟಿಯಲ್ಲಿ ಇನ್ನೂ ಹನ್ನೊಂದು ಬಾಕಿ ಇವೆ.